ಐವರು ಗಂಡುಮಕ್ಕಳಿದ್ದ ಮನೆ

ಇಂಗ್ಲೆಂಡಿನ ಚರಿತ್ರೆಯನ್ನು ನಾವು ಓದಿರುವುದು ದೊರೆಗಳ ಪಟ್ಟಿಯಾಗಿ. ಹೆನ್ರಿ, ರಿಚರ್ಡ್, ಜಾನ್, ಮತ್ತೆ ಹೆನ್ರಿ ಎಂದು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿ, ರಜೆ ಬರುವಷ್ಟರಲ್ಲಿ ಮರೆತುಬಿಟ್ಟಿರುತ್ತೇವೆ. ಆದರೆ ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಆ ದೊರೆಗಳ ಸಿಂಹಾಸನ ನಿಂತಿದ್ದುದು ಬೆರಳೆಣಿಕೆಯ ಕೆಲವು ಮನೆತನಗಳ ಹೆಗಲ ಮೇಲೆ. ಕೋಟೆ ಅವರದು, ಕುದುರೆ ಅವರದು, ಕುದುರೆಯೇರಿ ಹೋರಾಡುವ ನೈಟ್ ಎಂಬ ವೀರರಿಗೆ ಅನ್ನವಿಕ್ಕುವ ಭೂಮಿಯೂ ಅವರದು. ಅವರು ಹೆಗಲು ಕೊಟ್ಟರೆ ದೊರೆ ಉಂಟು, ಕೊಡವಿದರೆ ಇಲ್ಲ. ಅಂಥ ಮನೆತನಗಳ ಅಧಿಕಾರ ಯುದ್ಧಭೂಮಿಯಲ್ಲಿ ಹುಟ್ಟಿತೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಒಂದು ಮನೆತನದ ಕಥೆಯನ್ನು ಹತ್ತಿರದಿಂದ ನೋಡಿದರೆ ಯುದ್ಧಭೂಮಿಗಿಂತ ಮದುವೆಯ ಮನೆಯೂ ಹೆರಿಗೆಯ ಕೋಣೆಯೂ ಹೆಚ್ಚು ಕೆಲಸ ಮಾಡಿದುದು ಕಾಣುತ್ತದೆ. ಈ ವಾರ ನಾನು ವಾಚಕರ ಮುಂದಿಡುವುದು ಮಾರ್ಷಲ್ ಎಂಬ ಮನೆತನವನ್ನು. ಅದು ಒಬ್ಬ ಮನುಷ್ಯನ ಜೀವಮಾನದಲ್ಲಿ ಮೇಲೆದ್ದಿತು. ಅವನು ಕಣ್ಮುಚ್ಚಿದ ಇಪ್ಪತ್ತಾರು ವರ್ಷಗಳಲ್ಲಿ ಹೆಸರಿಲ್ಲದೆ ಹೋಯಿತು.

'ಮಾರ್ಷಲ್' ಎಂದರೆ ಮೂಲದಲ್ಲಿ ಕುದುರೆ ನೋಡಿಕೊಳ್ಳುವವನು ಎಂದಷ್ಟೇ ಅರ್ಥ. ಲಾಯದ ಚಾಕರಿಯ ಹೆಸರು ಕಾಲಕ್ರಮದಲ್ಲಿ ಅರಮನೆಯ ಹುದ್ದೆಯಾಗಿ, ಹುದ್ದೆ ತಂದೆಯಿಂದ ಮಗನಿಗೆ ಇಳಿಯುತ್ತ ಮನೆತನದ ಹೆಸರಾಯಿತು. ಈ ಹುದ್ದೆಯಲ್ಲಿದ್ದ ಜಾನ್ ಮಾರ್ಷಲ್ ಮಧ್ಯಮ ದರ್ಜೆಯ ಜಮೀನ್ದಾರ. ಸ್ಟೀಫನ್ ದೊರೆಗೂ ಮಟಿಲ್ಡಾ ರಾಣಿಗೂ ಸಿಂಹಾಸನಕ್ಕಾಗಿ ಕಾದಾಟ ನಡೆಯುತ್ತಿದ್ದ ಕಾಲವದು. 1141ರಲ್ಲಿ ವೆರ್ವೆಲ್ ಎಂಬಲ್ಲಿ ಉರಿಯುವ ಚರ್ಚಿನ ಮಾಡಿನಿಂದ ಕರಗಿದ ಸೀಸ ಮುಖದ ಮೇಲೆ ಸುರಿದು ಅವನ ಒಂದು ಕಣ್ಣು ಹೋಗಿತ್ತು. ಉಳಿದ ಒಂದೇ ಕಣ್ಣು ಸದಾ ಲಾಭದ ಕಡೆಗೇ ಇತ್ತೆನ್ನಬೇಕು. ಮೊದಲ ಹೆಂಡತಿಯನ್ನು ಬಿಟ್ಟು, ನೆರೆಯ ಪ್ರಬಲ ಮನೆತನವಾದ ಸಾಲ್ಸ್‌ಬರಿಯವರ ಹೆಣ್ಣು ಸಿಬಿಲ್‌ಳನ್ನು ಮದುವೆಯಾಗಿ ಅವರೊಡನೆ ಇದ್ದ ಹಗೆಯನ್ನು ನಂಟಾಗಿ ಮಾಡಿಕೊಂಡ. ಎರಡು ಮದುವೆಗಳಿಂದಲೂ ಎಣಿಸಿದರೆ ಅವನ ನಾಲ್ಕನೆಯ ಮಗನೇ ನಮ್ಮ ಕಥಾನಾಯಕ ವಿಲಿಯಂ. ಹುಟ್ಟಿದ್ದು ಸುಮಾರು 1147ರಲ್ಲಿ.

ನಾಲ್ಕನೆಯ ಮಗನೆಂಬುದನ್ನು ಸ್ವಲ್ಪ ಗಮನಿಸಬೇಕು. ಆಗಿನ ಇಂಗ್ಲೆಂಡಿನಲ್ಲಿ ಅಣ್ಣತಮ್ಮಂದಿರ ಪಾಲುಪಾರೀಕತ್ತು ಇರಲಿಲ್ಲ. ಭೂಮಿಯೆಲ್ಲ ಹಿರಿಯ ಮಗನಿಗೆ. ಕಿರಿಯರಿಗೆ ದೈವವೇ ಗತಿ. ಕತ್ತಿ ಹಿಡಿಯಬೇಕು, ಇಲ್ಲವೇ ಚರ್ಚಿಗೆ ಸೇರಬೇಕು. ವಿಲಿಯಮನಿಗೆ ಐದು ವರ್ಷವಾಗುವಷ್ಟರಲ್ಲಿಯೇ ಅವನ ಬೆಲೆ ಎಷ್ಟೆಂಬುದು ಗೊತ್ತಾಯಿತು. 1152ರಲ್ಲಿ ಸ್ಟೀಫನ್ ದೊರೆ ನ್ಯೂಬರಿಯಲ್ಲಿ ಜಾನನ ಕೋಟೆಗೆ ಮುತ್ತಿಗೆ ಹಾಕಿದ. ಜಾನ್ ಕದನವಿರಾಮ ಬೇಡಿ, ಒಪ್ಪಂದಕ್ಕೆ ಒತ್ತೆಯಾಗಿ ಈ ಮಗನನ್ನು ಕಳುಹಿಸಿದ. ವಿರಾಮ ಸಿಕ್ಕಿದೊಡನೆ ಕೋಟೆಗೆ ಕಾಳುಕಡ್ಡಿ, ಆಳುಗಳನ್ನು ತುಂಬಿಕೊಂಡು ಮಾತಿಗೆ ತಪ್ಪಿದ. ಮಗನನ್ನು ನೇಣಿಗೆ ಹಾಕುತ್ತೇವೆಂದು ಹೇಳಿಕಳುಹಿಸಿದಾಗ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ತಯಾರಿಸುವ ಸುತ್ತಿಗೆ ಅಡಿಗಲ್ಲುಗಳು ತನ್ನಲ್ಲಿನ್ನೂ ಇವೆಯೆಂದು ಆ ಮಹಾನುಭಾವ ಉತ್ತರವಿತ್ತನಂತೆ. ಮಗುವನ್ನು ನೇಣುಮರದ ಕಡೆಗೆ ಕರೆದೊಯ್ದರು. ಅದು ಏನೂ ಅರಿಯದೆ ದಾರಿಯಲ್ಲಿ ಒಬ್ಬನ ಕೈಯ ಭರ್ಜಿಯನ್ನು ಆಡಲು ಕೇಳಿತು. ದೊರೆಯ ಮನಸ್ಸು ಕರಗಿತು. ಮುಂದೊಂದು ದಿನ ಸ್ಟೀಫನ್ ತನ್ನ ಗುಡಾರದಲ್ಲಿ ಕುಳಿತು ಹುಲ್ಲಿನ ಹೂಗೊಂಚಲುಗಳನ್ನು ಸಿಪಾಯಿಗಳನ್ನಾಗಿ ಮಾಡಿ ಈ ಹುಡುಗನೊಡನೆ ಆಡುತ್ತಿದ್ದನೆಂದು ಕಥೆಯಿದೆ. ಸ್ಟೀಫನ್ ಒಳ್ಳೆಯ ದೊರೆಯಲ್ಲವೆಂದು ಚರಿತ್ರಕಾರರೆಲ್ಲ ಹೇಳುತ್ತಾರೆ. ಇರಬಹುದು, ಹೆತ್ತ ತಂದೆಗಿಂತ ಒಳ್ಳೆಯವನಾಗಿದ್ದ.

ಇಷ್ಟು ವಿವರ ನಮಗೆ ತಿಳಿದಿರುವುದು ಹೇಗೆ? ವಿಲಿಯಮನು ತೀರಿಕೊಂಡ ಮೇಲೆ ಅವನ ಹಿರಿಯ ಮಗ ಒಬ್ಬ ಕವಿಯನ್ನು ಗೊತ್ತುಮಾಡಿ ತಂದೆಯ ಚರಿತೆಯನ್ನು ಫ್ರೆಂಚ್ ಪದ್ಯದಲ್ಲಿ ಬರೆಸಿದ. ಹತ್ತೊಂಬತ್ತು ಸಾವಿರಕ್ಕೂ ಮೀರಿದ ಸಾಲುಗಳ ಕಾವ್ಯ. ಇದು ಆರುನೂರು ವರ್ಷಗಳಿಗೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಮಲಗಿತ್ತು. 1861ರಲ್ಲಿ ಲಂಡನ್ನಿನ ಒಂದು ಹರಾಜಿನಲ್ಲಿ ಪೌಲ್ ಮೇಯರ್ ಎಂಬ ಫ್ರೆಂಚ್ ವಿದ್ವಾಂಸ ಈ ಹಸ್ತಪ್ರತಿಯನ್ನು ಒಮ್ಮೆ ಕಣ್ಣಾಡಿಸಿ ನೋಡಿದ. ಕೊಳ್ಳುವ ಯೋಗ ಅವನಿಗಿರಲಿಲ್ಲ. ಗ್ರಂಥಗಳನ್ನು ಕೂಡಿಹಾಕುವ ಹುಚ್ಚಿದ್ದ ಸರ್ ಥಾಮಸ್ ಫಿಲಿಪ್ಸ್ ಎಂಬವನ ಪಾಲಾಗಿ ಅದು ಮತ್ತೆ ಅಡಗಿತು. ಮೇಯರ್ ಬಿಡಲಿಲ್ಲ. ಇಪ್ಪತ್ತು ವರ್ಷ ಹುಡುಕಿ 1881ರಲ್ಲಿ ಚೆಲ್ಟನ್‌ಹ್ಯಾಮಿನಲ್ಲಿ ಅದನ್ನು ಮತ್ತೆ ಕಂಡ. 1891ರಿಂದ 1901ರ ವರೆಗೆ ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ತಾಳೆಗರಿಯ ಕಟ್ಟುಗಳಿಗಾಗಿ ಮಠ ಮನೆಗಳ ಅಟ್ಟ ಹತ್ತಿದವರಿಗೆ ಮೇಯರನ ಸಂಕಟವೂ ಸಂತೋಷವೂ ಅರ್ಥವಾಗುತ್ತದೆ. ಮಗನೇ ಹಣ ಕೊಟ್ಟು ಬರೆಸಿದ ಕಾವ್ಯವಾದುದರಿಂದ ಹೊಗಳಿಕೆಯನ್ನು ಒಂದಷ್ಟು ಸೋಸಿಕೊಳ್ಳಬೇಕೆಂಬುದು ನಿಜ. ಆದರೂ ಅರಸನಲ್ಲದ, ಗುರುವಲ್ಲದ ಒಬ್ಬ ಗೃಹಸ್ಥನ ಜೀವನ ಇಷ್ಟು ವಿಸ್ತಾರವಾಗಿ ಆ ಕಾಲದಿಂದ ನಮಗೆ ಬಂದಿರುವುದು ಅಪೂರ್ವ.

ಹುಡುಗ ಬೆಳೆದ. ತಾಯಿಯ ಕಡೆಯ ನಂಟನೊಬ್ಬನ ಆಶ್ರಯದಲ್ಲಿ ನಾರ್ಮಂಡಿಯ ತಾಂಕರ್ವಿಲ್ ಎಂಬಲ್ಲಿ ಶಸ್ತ್ರವಿದ್ಯೆ ಕಲಿತ. ಮೊದಲ ಕಾಳಗದಲ್ಲಿ ಎಲ್ಲರೂ ಮೆಚ್ಚುವಂತೆ ಹೋರಾಡಿದನಾದರೂ ತನ್ನ ಕುದುರೆಯನ್ನು ಕಳೆದುಕೊಂಡ. ಆ ಸಂಜೆಯ ಔತಣದಲ್ಲಿ ಒಬ್ಬ ಹಿರಿಯ ಪ್ರಭು, ತನಗೊಂದು ಹಳೆಯ ಜೀನಿನ ಪಟ್ಟಿಯನ್ನಾದರೂ ಕಾಣಿಕೆ ಕೊಡೆಂದು ಅವನನ್ನು ಕೇಳಿದನಂತೆ. ನನ್ನಲ್ಲಿ ಅದೆಲ್ಲಿಂದ ಬರಬೇಕು ಎಂದು ವಿಲಿಯಂ ಮುಗ್ಧವಾಗಿ ಹೇಳಿದಾಗ ಪಂಕ್ತಿಯೆಲ್ಲ ನಕ್ಕಿತು. ಕೆಡವಿದ ಶತ್ರುಗಳ ಕುದುರೆಗಳನ್ನು ಹಿಡಿದುಕೊಂಡಿದ್ದರೆ ಅಂದು ಅವನ ಬಳಿ ನಲವತ್ತು ಕುದುರೆಗಳೂ ಜೀನುಗಳೂ ಇರಬೇಕಾಗಿತ್ತು. ಶೌರ್ಯವೆಂಬುದು ಹೊಟ್ಟೆಪಾಡೂ ಹೌದೆಂಬ ಪಾಠ ಅಂದು ಮನಸ್ಸಿಗೆ ನಾಟಿತು. ಮುಂದೆ ಅವನು ಅದನ್ನು ಮರೆಯಲಿಲ್ಲ. ಆಗಿನ ಟೂರ್ನಮೆಂಟುಗಳು ಸಾಲಾಗಿ ನಿಂತು ನೋಡುವ ವಿನೋದಗಳಲ್ಲ; ಮೈಲುಗಟ್ಟಲೆ ಬಯಲಿನಲ್ಲಿ ನಡೆಯುವ ಸಾಮೂಹಿಕ ಕಾಳಗಗಳು. ಸೆರೆಸಿಕ್ಕವನು ಕುದುರೆ ಕವಚಗಳನ್ನು ಒಪ್ಪಿಸಿ, ಬಿಡುಗಡೆಯ ಹಣ ಕೊಟ್ಟು ಹೋಗಬೇಕು. ಜೊತೆಗಾರನೊಬ್ಬನನ್ನು ಪಾಲುದಾರನನ್ನಾಗಿ ಮಾಡಿಕೊಂಡು ವಿಲಿಯಂ ಹತ್ತು ತಿಂಗಳಲ್ಲಿ 103 ಮಂದಿ ನೈಟರನ್ನು ಸೆರೆಹಿಡಿದ. ಲೆಕ್ಕವಿಡಲು ಒಬ್ಬ ಗುಮಾಸ್ತನೂ ಇದ್ದ! ಒಮ್ಮೆ ಬಹುಮಾನ ಕೊಡಲು ಅವನನ್ನು ಹುಡುಕಿಕೊಂಡು ಬಂದವರಿಗೆ ಅವನು ಕಂಡದ್ದು ಕಮ್ಮಾರನ ಕುಲುಮೆಯಲ್ಲಿ, ಅಡಿಗಲ್ಲಿನ ಮೇಲೆ ತಲೆಯಿಟ್ಟು. ಪೆಟ್ಟು ತಿಂದು ನಜ್ಜುಗುಜ್ಜಾದ ಶಿರಸ್ತ್ರಾಣ ತಲೆಯಿಂದ ಬಿಡಿಸಲಾಗದಂತೆ ಕಚ್ಚಿಕೊಂಡಿತ್ತು.

1168ರಲ್ಲಿ ಸೋದರಮಾವನ ಕೊಲೆಯ ಸೇಡು ತೀರಿಸಲು ಹೋಗಿ ಗಾಯಗೊಂಡು ಸೆರೆಯಾದಾಗ ಎಲಿನಾರ್ ರಾಣಿ ಹಣ ತೆತ್ತು ಬಿಡಿಸಿದಳು. ಅಲ್ಲಿಂದ ಅರಮನೆಯ ಬಾಗಿಲು ತೆರೆಯಿತು. ಅವಳ ಹಿರಿಯ ಮಗ, ತಂದೆ ಇರುವಾಗಲೇ ಕಿರೀಟ ಧರಿಸಿದ ಯುವರಾಜ ಹೆನ್ರಿಗೆ ವಿಲಿಯಂ ಶಸ್ತ್ರಗುರುವಾದ. ಆ ಯುವರಾಜ 1183ರಲ್ಲಿ ಅಕಾಲದಲ್ಲಿ ಸಾಯಲು, ಅವನ ಹರಕೆ ತೀರಿಸಲೆಂದು ಜೆರುಸಲೇಮಿಗೆ ಹೋಗಿಬಂದು, ಬಳಿಕ ವೃದ್ಧ ಎರಡನೆಯ ಹೆನ್ರಿ ದೊರೆಯ ಸೇವೆಗೆ ನಿಂತ. 1189ರಲ್ಲಿ ದೊರೆಯ ಸ್ವಂತ ಮಗ ರಿಚರ್ಡನೇ ತಂದೆಯ ಮೇಲೆ ಬಿದ್ದು ಅಟ್ಟಿಸಿಕೊಂಡು ಬಂದಾಗ, ಹಿಂದೆ ನಿಂತು ತಡೆದವನು ವಿಲಿಯಂ. ನಾಳಿನ ದೊರೆಯ ಎದೆಗೆ ಗುರಿಯಿಟ್ಟಿದ್ದ ಈಟಿಯನ್ನು ಕೊನೆಯ ಗಳಿಗೆಯಲ್ಲಿ ತಗ್ಗಿಸಿ ಅವನ ಕುದುರೆಯನ್ನು ಕೊಂದ. ಕೆಲವೇ ವಾರಗಳಲ್ಲಿ ಹೆನ್ರಿ ಸತ್ತು ರಿಚರ್ಡ್ ಪಟ್ಟಕ್ಕೆ ಬಂದ. ಎಲ್ಲರೂ ವಿಲಿಯಮನ ತಲೆ ಉರುಳುವುದೆಂದೇ ಕಾದಿದ್ದರು. ರಿಚರ್ಡನಿಗೆ ಮನುಷ್ಯರ ಬೆಲೆ ಗೊತ್ತಿತ್ತು. ದಂಡನೆಯ ಬದಲು ಅವನು ಕೊಟ್ಟದ್ದು ಒಂದು ಹುಡುಗಿಯನ್ನು.

ಇಲ್ಲಿಂದ ನಮ್ಮ ಕಥೆಯ ನಿಜವಾದ ಆರಂಭ. ನಲವತ್ತೆರಡರ ಹತ್ತಿರದ ವಿಲಿಯಮನಿಗೆ ಕೀರ್ತಿಯಿತ್ತು, ಹೇಳಿಕೊಳ್ಳುವಂಥ ಭೂಮಿಯಿರಲಿಲ್ಲ. ಆ ಹುಡುಗಿಗೆ ಸುಮಾರು ಹದಿನೇಳು. ಹೆಸರು ಇಸಬೆಲ್ ದ ಕ್ಲೇರ್. ತಂದೆ 'ಸ್ಟ್ರಾಂಗ್‌ಬೋ' ಎಂದು ಹೆಸರಾದ ರಿಚರ್ಡ್ ದ ಕ್ಲೇರ್, ಐರ್ಲೆಂಡಿಗೆ ದಂಡೆತ್ತಿ ಹೋದವನು. ತಾಯಿ ಈಫಾ, ಐರ್ಲೆಂಡಿನ ಲೆನ್‌ಸ್ಟರ್ ರಾಜ್ಯದ ಅರಸನ ಮಗಳು. ತಂದೆ 1176ರಲ್ಲಿ ಸತ್ತ. ಇದ್ದ ಒಬ್ಬ ತಮ್ಮ ಪ್ರಾಪ್ತವಯಸ್ಕನಾಗುವ ಮೊದಲೇ ತೀರಿಕೊಂಡ. ವೇಲ್ಸಿನ ಗಡಿಯ ಚೆಪ್‌ಸ್ಟೋ ಕೋಟೆ, ಇಂಗ್ಲೆಂಡಿನಲ್ಲಿಯೂ ನಾರ್ಮಂಡಿಯಲ್ಲಿಯೂ ಹರಡಿದ್ದ ಜಮೀನು, ಐರ್ಲೆಂಡಿನ ಆಗ್ನೇಯ ಭಾಗವನ್ನೆಲ್ಲ ಆವರಿಸಿದ್ದ ಲೆನ್‌ಸ್ಟರ್ ಪ್ರಭುತ್ವ, ಇವೆಲ್ಲಕ್ಕೂ ಈ ಹುಡುಗಿಯೊಬ್ಬಳೇ ವಾರಸುದಾರಳು. ಅದೇ ಅವಳ ಪಾಲಿನ ಸಂಕೋಲೆ. ತಂದೆಯಿಲ್ಲದ ಇಂಥ ಹೆಣ್ಣುಮಕ್ಕಳ ಪಾಲಕತ್ವ ದೊರೆಗೆ ಸೇರಿದುದು. ಅವಳನ್ನು ಯಾರಿಗೆ ಕೊಡಬೇಕೆಂಬುದೂ ಅವನ ಇಚ್ಛೆ. ಮಾರಬಹುದು, ಬಹುಮಾನ ಕೊಡಬಹುದು, ಕಾದಿರಿಸಬಹುದು. ಇಸಬೆಲ್‌ಳನ್ನು ಲಂಡನ್ ಗೋಪುರದಲ್ಲಿ, ಖಜಾನೆಯನ್ನು ಇಡುವ ಹಾಗೆ ಇಟ್ಟಿದ್ದರು. ಇದಕ್ಕೆ ಮೊದಲು ಹೆನ್ರಿ ದೊರೆ ವಿಲಿಯಮನಿಗೆ ಉತ್ತರದ ಕೆಂಡಲ್ ಸೀಮೆಯ ಹೆಲೋಯಿಸ್ ಎಂಬ ಇನ್ನೊಬ್ಬ ವಾರಸುದಾರಳ ಪಾಲಕತ್ವವನ್ನು ಕೊಟ್ಟಿದ್ದ. ವಿಲಿಯಂ ಅವಳನ್ನು ಮರ್ಯಾದೆಯಿಂದ ನೋಡಿಕೊಂಡ, ಮದುವೆಯಾಗಲಿಲ್ಲ. ಇದನ್ನು ಅವನ ಸೌಜನ್ಯವೆಂದು ಕೆಲವರು ಬಣ್ಣಿಸುತ್ತಾರೆ. ಇನ್ನೂ ದೊಡ್ಡ ಸಂಬಂಧಕ್ಕೆ ಕಾದಿದ್ದನೆಂದರೆ ಅವನ ಮೇಲೆ ಅಪವಾದ ಹೊರಿಸಿದಂತಾಗದೆಂದು ನನ್ನ ಎಣಿಕೆ.

ಮದುವೆ 1189ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಅವಸರವಸರವಾಗಿ ನಡೆಯಿತು. ವರನ ಕೈ ಬರಿದು. ಖರ್ಚನ್ನು ವಹಿಸಿದವನು ಊರಿನ ಒಬ್ಬ ಶ್ರೀಮಂತ ವರ್ತಕ. ಮರುದಿನ ಅದೇ ಮನುಷ್ಯ ರಾಜ್ಯದ ಅತಿದೊಡ್ಡ ಪ್ರಭುಗಳಲ್ಲೊಬ್ಬ! ಅಣ್ಣ 1194ರಲ್ಲಿ ಮಕ್ಕಳಿಲ್ಲದೆ ಸಾಯಲು ಪಿತ್ರಾರ್ಜಿತವೂ ಮಾರ್ಷಲ್ ಹುದ್ದೆಯೂ ಬಂದವು. 1199ರಲ್ಲಿ ಜಾನ್ ಪಟ್ಟವೇರಿದ ದಿನ ಪೆಂಬ್ರೋಕಿನ ಅರ್ಲ್ ಪದವಿಯೂ ಸಿಕ್ಕಿತು. ಮನೆಯಲ್ಲಿ ಐವರು ಗಂಡುಮಕ್ಕಳು, ಐವರು ಹೆಣ್ಣುಮಕ್ಕಳು. ವಂಶ ಬೆಳೆಯಲು ಇನ್ನೇನು ಬೇಕು?

ಇಸಬೆಲ್‌ಳ ಮನಸ್ಸಿನಲ್ಲಿ ಏನಿತ್ತೆಂದು ಯಾವ ಕವಿಯೂ ಬರೆದಿಟ್ಟಿಲ್ಲ. ಆದರೆ ಅವಳು ಬರಿಯ ಬಳುವಳಿಯ ಗಂಟಾಗಿರಲಿಲ್ಲವೆಂಬುದಕ್ಕೆ ಸಾಕ್ಷ್ಯವಿದೆ. ಜಾನ್ ದೊರೆಗೆ ವಿಲಿಯಮನ ಮೇಲೆ ಸಂಶಯ ಬಂದು ಹಿರಿಯ ಮಗನನ್ನು ಒತ್ತೆ ಕೇಳಿದ. ಬಳಿಕ ಎರಡನೆಯವನನ್ನೂ ಕೇಳಿದ. ಇಸಬೆಲ್ ಕೊಡಕೂಡದೆಂದಳು. ಆದರೂ ವಿಲಿಯಂ ಕೊಟ್ಟ. ಐದನೆಯ ವಯಸ್ಸಿನಲ್ಲಿ ನೇಣುಮರದ ದಾರಿ ಕಂಡವನು ತನ್ನ ಮಕ್ಕಳನ್ನು ಅದೇ ದಾರಿಗೆ ಕಳುಹಿಸಿದ ಆ ದಿನ ಅವನಿಗೆ ಏನನ್ನಿಸಿತೋ! 1207ರಲ್ಲಿ ದಂಪತಿಗಳು ಐರ್ಲೆಂಡಿಗೆ ಹೋದರು. ದೊರೆ ವಿಲಿಯಮನನ್ನು ಮಾತ್ರ ಹಿಂದಕ್ಕೆ ಕರೆಸಿಕೊಂಡ. ಹಿಂದೆಯೇ ತನ್ನ ಅಧಿಕಾರಿಗಳಿಂದ ಅವನ ಸೀಮೆಯ ಮೇಲೆ ದಾಳಿ ಮಾಡಿಸಿದ. ಹೊರಡುವ ಮೊದಲು ವಿಲಿಯಂ ಕಿಲ್ಕೆನ್ನಿಯಲ್ಲಿ ಅಲ್ಲಿನ ಸಾಮಂತರನ್ನು ನೆರೆಯಿಸಿ, ಬಸುರಿಯಾಗಿದ್ದ ಹೆಂಡತಿಯ ಕೈ ಹಿಡಿದು ಸಭೆಗೆ ಕರೆತಂದ. ನಿಮಗೆ ಭೂಮಿ ಕೊಟ್ಟವನ ಮಗಳು ಇವಳು, ನಿಮ್ಮ ಹುಟ್ಟೊಡತಿ, ನನಗಿರುವ ಹಕ್ಕೂ ಇವಳಿಂದಲೇ ಬಂದದ್ದು ಎಂಬ ಅಭಿಪ್ರಾಯದ ಮಾತನ್ನಾಡಿ ಹೋದ. ಅತ್ತ ಇಂಗ್ಲೆಂಡಿನಲ್ಲಿ ಜಾನ್ ದೊರೆ ಒಂದು ದಿನ ಕುದುರೆ ಸವಾರಿಯ ಮಧ್ಯೆ, ಕಿಲ್ಕೆನ್ನಿ ಮುತ್ತಿಗೆಯಲ್ಲಿ ನಿನ್ನ ಆಪ್ತರೆಲ್ಲ ಸತ್ತರಂತೆ ಎಂದು ನಗುತ್ತ ಸುಳ್ಳು ಸುದ್ದಿ ಹೇಳಿದ. ನಿಜವಾದ ಸುದ್ದಿ ಸಮುದ್ರ ದಾಟಿ ಬರಲು ಕೆಲವು ವಾರ ಹಿಡಿಯಿತು: ಇಸಬೆಲ್‌ಳ ಕಡೆಯವರು ಗೆದ್ದಿದ್ದರು, ದೊರೆಯ ಅಧಿಕಾರಿಯೇ ಸೆರೆಯಾಗಿದ್ದ. ದೊರೆಯ ನಗೆ ಹುಳ್ಳಗಾಯಿತು.

ಹೀಗಿದ್ದರೂ 1215ರಲ್ಲಿ ಪ್ರಭುಗಳೆಲ್ಲ ಜಾನನ ಮೇಲೆ ದಂಗೆಯೆದ್ದು ಮ್ಯಾಗ್ನಾ ಕಾರ್ಟಾ ಸನ್ನದನ್ನು ಬರೆಸಿಕೊಂಡಾಗ ವಿಲಿಯಂ ದೊರೆಯ ಪಕ್ಷದಲ್ಲಿಯೇ ನಿಂತ. ಅವನ ಹಿರಿಯ ಮಗ, ಮತ್ತೊಬ್ಬ ವಿಲಿಯಂ, ಎದುರು ಪಕ್ಷದ 25 ಮಂದಿ ಮುಖಂಡರಲ್ಲಿ ಒಬ್ಬನಾಗಿದ್ದ. ತಂದೆ ಮಗ ಸಮಾಲೋಚಿಸಿಯೇ ಎರಡು ದೋಣಿಯಲ್ಲಿ ಕಾಲಿಟ್ಟರೆಂದು ಊಹಿಸುವವರಿದ್ದಾರೆ. ಯಾರು ಗೆದ್ದರೂ ಮನೆಗೆ ಸೋಲಿಲ್ಲವೆಂಬುದಂತೂ ನಿಜ. ಮರುವರ್ಷ ಜಾನ್ ಸತ್ತಾಗ ಮಗ ಹೆನ್ರಿಗೆ ಒಂಬತ್ತು ವರ್ಷ. ಲಂಡನ್ ಫ್ರಾನ್ಸಿನ ರಾಜಕುಮಾರ ಲೂಯಿಯ ಕೈಯಲ್ಲಿ, ಖಜಾನೆ ಬರಿದು. ಎಪ್ಪತ್ತರ ಹತ್ತಿರದ ವಿಲಿಯಂ ಆ ಬಾಲಕನ ಪರವಾಗಿ ರಾಜ್ಯಭಾರ ಹೊತ್ತ. ಮ್ಯಾಗ್ನಾ ಕಾರ್ಟಾವನ್ನು ತಿದ್ದಿ ತನ್ನ ಮುದ್ರೆಯೊತ್ತಿ ಮತ್ತೆ ಹೊರಡಿಸಿದ. ದಂಗೆಕೋರರ ಬೇಡಿಕೆಯೇ ದೊರೆಯ ವಚನವಾದ ಮೇಲೆ ದಂಗೆಗೆ ಕಾರಣವೇನುಳಿಯಿತು? 1217ರ ಮೇ 20ರಂದು ಲಿಂಕನ್ ನಗರದ ಕಾಳಗಕ್ಕೆ ತಾನೇ ಮುಂದಾಳಾಗಿ ನುಗ್ಗಿದ. ಆತುರದಲ್ಲಿ ಶಿರಸ್ತ್ರಾಣ ಧರಿಸಲು ಮರೆತಿದ್ದು, ಪಕ್ಕದ ಹುಡುಗನೊಬ್ಬ ನೆನಪಿಸಬೇಕಾಯಿತಂತೆ. ಲಿಂಕನ್ನಿನಲ್ಲಿ ಫ್ರೆಂಚರು ಸೋತರು. ಆಗಸ್ಟಿನಲ್ಲಿ ಸಮುದ್ರದ ಮೇಲೂ ಸೋತರು. ಲೂಯಿಗೆ ಹತ್ತು ಸಾವಿರ ಮಾರ್ಕುಗಳನ್ನು ತೆತ್ತು ಊರಿಗೆ ಕಳುಹಿಸಿದರು. ವಿಲಿಯಂ ಸೋತಿದ್ದರೆ ಇಂಗ್ಲೆಂಡಿನ ಅರಸರ ಪಟ್ಟಿಯಲ್ಲಿ ಮೂರನೆಯ ಹೆನ್ರಿಯ ಬದಲು ಒಬ್ಬ ಲೂಯಿಯ ಹೆಸರನ್ನು ನಾವು ಬಾಯಿಪಾಠ ಮಾಡಬೇಕಾಗುತ್ತಿತ್ತೋ ಏನೋ.

ಅದೇ ಸನ್ನದಿನಲ್ಲಿ ಎರಡು ಮಾತುಗಳಿವೆ: ತಂದೆಯಿಲ್ಲದ ವಾರಸುದಾರರನ್ನು ಕೀಳು ಸಂಬಂಧಕ್ಕೆ ಕೊಟ್ಟು ಅವಮಾನಪಡಿಸಬಾರದು, ವಿಧವೆಯನ್ನು ಬಲಾತ್ಕಾರದಿಂದ ಮರುಮದುವೆಗೆ ಒಳಪಡಿಸಬಾರದು. ಲಂಡನ್ ಗೋಪುರದಿಂದ ಹೆಂಡತಿಯನ್ನು ಬಹುಮಾನವಾಗಿ ಪಡೆದವನ ಮುದ್ರೆ ಆ ಮಾತುಗಳ ಕೆಳಗೆ ಬಿತ್ತು.

1219ರ ವಸಂತದಲ್ಲಿ ಮುದುಕ ಹಾಸಿಗೆ ಹಿಡಿದ. ಥೇಮ್ಸ್ ನದಿಯ ದಡದ ಕ್ಯಾವರ್‌ಷಮ್ಮಿನ ತನ್ನ ಮನೆಗೆ ದೋಣಿಯಲ್ಲಿ ಕರೆದೊಯ್ಯಿಸಿಕೊಂಡ. ಕಾವ್ಯದ ಅತ್ಯುತ್ತಮ ಭಾಗ ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಆಸ್ತಿಯ ವಿಲೇವಾರಿ ನಡೆಯಿತು. ಹಿರಿಯವನಿಗೆ ಮುಖ್ಯ ಭೂಮಿ, ರಿಚರ್ಡನಿಗೆ ನಾರ್ಮಂಡಿಯದು, ಗಿಲ್ಬರ್ಟ್ ಚರ್ಚಿಗೆ, ವಾಲ್ಟರನಿಗೆ ಒಂದು ಕೋಟೆ. ಕೊನೆಯವನಾದ ಆನ್ಸೆಲ್ಮನಿಗೆ ಏನೂ ಇಲ್ಲ. ನಾನು ದುಡಿದು ಬೆಳೆದಂತೆ ಅವನೂ ಬೆಳೆಯಲಿ ಎಂಬುದು ತಂದೆಯ ಇಂಗಿತ. ಹಳೆಯ ಸಂಗಾತಿಯೊಬ್ಬ, ಮಗುವಿನ ಕುದುರೆಗೆ ಲಾಳ ಕಟ್ಟಿಸಲಾದರೂ ಏನಾದರೂ ಬೇಡವೇ ಎಂದು ಒತ್ತಾಯಿಸಿದ ಮೇಲೆ ಐರ್ಲೆಂಡಿನಲ್ಲಿ ವರ್ಷಕ್ಕೆ 140 ಪೌಂಡು ಬರುವ ಭೂಮಿ ಕೊಟ್ಟ. ಹೆಣ್ಣುಮಕ್ಕಳಲ್ಲಿ ನಾಲ್ವರಿಗೆ ಮದುವೆಯಾಗಿತ್ತು. ಕೊನೆಯವಳಾದ ಜೋನ್ ಒಬ್ಬಳ ಚಿಂತೆ ಅವನನ್ನು ಕಾಡುತ್ತಿತ್ತು. ಅವಳಿಗೆ ಅಣ್ಣ ಗಂಡು ಹುಡುಕುವ ತನಕ ಜೀವನಕ್ಕೆ 30 ಪೌಂಡಿನ ಭೂಮಿ, ಮೇಲೆ 200 ಮಾರ್ಕು ನಗದು. ಪೆಟ್ಟಿಗೆಯಲ್ಲಿ ತುಪ್ಪುಳಿನ ಹೊಸ ನಿಲುವಂಗಿಗಳಿವೆ, ಮಾರಿ ಆತ್ಮದ ಸದ್ಗತಿಗೆ ಧರ್ಮಮಾಡಬಹುದಲ್ಲ ಎಂದ ಗುಮಾಸ್ತನನ್ನು ಗದರಿಸಿದ. ಹಬ್ಬ ಹತ್ತಿರ ಬಂದಿದೆ, ನನ್ನ ಆಳುಗಳಿಗೆ ಇದೇ ಕೊನೆಯ ಉಡುಗೊರೆ, ಹಂಚು ಎಂಬುದು ಅವನ ಅಪ್ಪಣೆ. ಒಂದು ದಿನ ಅವನಿಗೆ ಹಾಡು ಹೇಳಬೇಕೆನ್ನಿಸಿತು. ನಾಚಿಕೆಯಾಗಿ ಹೆಣ್ಣುಮಕ್ಕಳನ್ನು ಕರೆಸಿ ಹಾಡಿಸಿದ. ಜೋನ್ ಸಂಕೋಚದಿಂದ ತಡವರಿಸಿದಾಗ ಸಾಲನ್ನು ಹೇಗೆ ಎತ್ತಿಕೊಳ್ಳಬೇಕೆಂದು ತಾನೇ ತೋರಿಸಿಕೊಟ್ಟ. ಮೇ 14ರಂದು ಪ್ರಾಣ ಹೋಯಿತು. ಲಂಡನ್ನಿನ ಟೆಂಪಲ್ ಚರ್ಚಿನಲ್ಲಿ ಸಮಾಧಿ ಮಾಡಿದರು. ಮರುವರ್ಷ ಇಸಬೆಲ್ ತೀರಿಕೊಂಡಳು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅದು ಬೇಗ ಮುಗಿಯಿತು ಕೂಡ. ಹಿರಿಯ ಮಗ ವಿಲಿಯಂ ದೊರೆಯ ತಂಗಿ ಎಲಿನಾರಳನ್ನೇ ಮದುವೆಯಾದ. 1231ರಲ್ಲಿ ಸಂತಾನವಿಲ್ಲದೆ ಸತ್ತ. ಎರಡನೆಯ ರಿಚರ್ಡ್ ದೊರೆಯ ಮೇಲೆ ದಂಗೆಯೆದ್ದು 1234ರಲ್ಲಿ ಐರ್ಲೆಂಡಿನಲ್ಲಿ ಗಾಯಗಳಿಂದ ಮಡಿದ. ಚರ್ಚಿಗೆಂದು ಮೀಸಲಾಗಿದ್ದ ಗಿಲ್ಬರ್ಟ್ ನಿಲುವಂಗಿ ಕಳಚಿ ಅರ್ಲ್ ಆಗಿ, ಸ್ಕಾಟ್‌ಲೆಂಡಿನ ದೊರೆಯ ತಂಗಿಯನ್ನು ವರಿಸಿದ. ತಂದೆಗೆ ಹೆಸರು ತಂದ ಟೂರ್ನಮೆಂಟಿನಲ್ಲಿ ತಾನೂ ಮೆರೆಯಹೋಗಿ 1241ರಲ್ಲಿ ಕಡಿವಾಣ ಕಿತ್ತ ಕುದುರೆ ಅವನನ್ನು ಎಳೆದೊಯ್ದು ಕೊಂದಿತು. ವಾಲ್ಟರ್ 1245ರ ನವೆಂಬರಿನಲ್ಲಿ ಸತ್ತ, ಆನ್ಸೆಲ್ಮ್ ಡಿಸೆಂಬರಿನಲ್ಲಿ. ಐವರಿಗೂ ಮದುವೆಯಾಗಿತ್ತು. ಐವರಲ್ಲಿ ಒಬ್ಬನಿಗೂ ಧರ್ಮಪತ್ನಿಯಿಂದ ಒಂದು ಮಗುವಾಗಲಿಲ್ಲ.

ಇದಕ್ಕೆ ಶಾಪವೇ ಕಾರಣವೆಂದು ಮ್ಯಾಥ್ಯೂ ಪ್ಯಾರಿಸ್ ಎಂಬ ಸಂನ್ಯಾಸಿ ತನ್ನ ವೃತ್ತಾಂತದಲ್ಲಿ ಬರೆದ. ಐರ್ಲೆಂಡಿನ ಫರ್ನ್ಸ್ ಎಂಬಲ್ಲಿನ ಬಿಷಪ್ಪನ ಎರಡು ಗ್ರಾಮಗಳನ್ನು ತಂದೆ ವಿಲಿಯಂ ಕಿತ್ತುಕೊಂಡಿದ್ದ. ಬಹಿಷ್ಕಾರ ಹಾಕಿದರೂ ಹಿಂದಿರುಗಿಸಲಿಲ್ಲ. ಅವನು ಸತ್ತ ಮೇಲೆ ಬಿಷಪ್ ಸಮಾಧಿಯ ಮುಂದೆ ನಿಂತು, ಗ್ರಾಮಗಳನ್ನು ಕೊಟ್ಟರೆ ಪಾಪವಿಮೋಚನೆ ಮಾಡುವೆನೆಂದ. ಮಗ ಒಪ್ಪಲಿಲ್ಲ. ಒಂದೇ ತಲೆಮಾರಿನಲ್ಲಿ ನಿಮ್ಮ ಹೆಸರು ಅಳಿಯಲಿ ಎಂದು ಅವನು ನುಡಿದನಂತೆ. ಫಲ ಕಂಡ ಮೇಲೆ ಬರೆದ ಭವಿಷ್ಯವೆಂದು ಇದನ್ನು ಪಕ್ಕಕ್ಕಿಡಬಹುದು. ಆದರೆ ಗ್ರಾಮಗಳ ಕಬಳಿಕೆ ಕಟ್ಟುಕಥೆಯಲ್ಲ. 'ವೀರರಲ್ಲಿ ವೀರ'ನೆಂದು ಕೊಂಡಾಡಿಸಿಕೊಂಡವನು ಸಿಕ್ಕಿದ ಭೂಮಿಯನ್ನು ಬಿಡುವವನಾಗಿರಲಿಲ್ಲ. ಮಗನು ಬರೆಸಿದ ಕಾವ್ಯ ಈ ಬಿಷಪ್ಪನ ಸಂಗತಿಯನ್ನು ಎತ್ತುವುದೇ ಇಲ್ಲ!

ಗಂಡುಸಂತಾನ ಅಳಿದರೆ ಭೂಮಿ ಹೆಣ್ಣುಮಕ್ಕಳಿಗೆ. ಅಲ್ಲಿ ಹಿರಿಯಳು ಕಿರಿಯಳೆಂಬ ಭೇದವಿಲ್ಲ, ಸಮಪಾಲು. ಗಂಡುಮಕ್ಕಳಲ್ಲಿ ಇಲ್ಲದ ನ್ಯಾಯ ಹೆಣ್ಣುಮಕ್ಕಳಲ್ಲಿ ಇದ್ದುದು ವಿಚಿತ್ರವಾಗಿ ಕಾಣಬಹುದು. ಒಬ್ಬಳೇ ಮಗಳಾಗಿದ್ದ ಇಸಬೆಲ್ ಇಡಿಯಾಗಿ ತಂದ ಸೀಮೆ ಅವಳ ಐವರು ಹೆಣ್ಣುಮಕ್ಕಳ ಹೆಸರಿನಲ್ಲಿ ಐದಾಗಿ ಒಡೆಯಿತು. 1247ರಲ್ಲಿ ಪಾಲುಪಟ್ಟಿಯಾಗುವ ಹೊತ್ತಿಗೆ ಐವರಲ್ಲಿ ಬದುಕಿದ್ದವಳು ಹಿರಿಯಳಾದ ಮಟಿಲ್ಡಾ ಒಬ್ಬಳೇ. ಲೆನ್‌ಸ್ಟರಿನಲ್ಲಿ ಕಾರ್ಲೋ ಅವಳಿಗೆ. ಕಿಲ್ಕೆನ್ನಿ ಇಸಬೆಲ್‌ಳ ಮಗನಿಗೆ. ವೆಕ್ಸ್‌ಫರ್ಡ್ ಜೋನಳ ಮಗಳ ಕಡೆಗೆ. ಡನಮೇಸ್ ಈವಳ ಹೆಣ್ಣುಮಕ್ಕಳಿಗೆ. ಕಿಲ್ಡೇರ್ ಸಿಬಿಲ್‌ಳ ಮಕ್ಕಳಿಗೆ. ಸಿಬಿಲ್‌ಳಿಗೆ ಏಳು ಹೆಣ್ಣುಮಕ್ಕಳು! ಅವಳ ಐದನೆಯ ಒಂದು ಪಾಲು ಮತ್ತೆ ಏಳಾಯಿತು. ಒಂದು ಸೈನ್ಯವನ್ನು ಸಾಕುತ್ತಿದ್ದ ಸೀಮೆ, ಅಳಿಯಂದಿರ ಲೆಕ್ಕದ ಪುಸ್ತಕಗಳಲ್ಲಿ ಚೂರು ಚೂರಾಗಿ ಸೇರಿಕೊಂಡಿತು. ಅರವತ್ತು ವರ್ಷದ ಹಿಂದೆ ಇಸಬೆಲ್‌ಳನ್ನು ಕೊಟ್ಟಂತೆಯೇ ದೊರೆ ಈಗ ಜೋನಳ ಮಗಳನ್ನು ಫ್ರಾನ್ಸಿನಿಂದ ಬಂದ ತನ್ನ ಮಲತಮ್ಮ ವಿಲಿಯಂ ದ ವಾಲೆನ್ಸನಿಗೆ ಕೊಟ್ಟ. ಪೆಂಬ್ರೋಕ್ ಅವನದಾಯಿತು. ತಂದೆ ಸಾಯುವಾಗ ಹಾಡು ತಡವರಿಸಿದ ಆ ಜೋನಳ ಮಗಳು.

ಈವಳ ಪಾಡು ಬೇರೆ. ಅವಳ ಗಂಡ ವಿಲಿಯಂ ದ ಬ್ರಯೋಸ್ ವೇಲ್ಸಿನ ಅರಸ ಲೆವೆಲಿನ್ನನ ಅತಿಥಿಯಾಗಿದ್ದಾಗ ಅವನ ರಾಣಿಯೊಡನೆ ಸಿಕ್ಕಿಬಿದ್ದು 1230ರಲ್ಲಿ ಬಹಿರಂಗವಾಗಿ ನೇಣಿಗೇರಿದ. ಈವಳ ಮಗಳಿಗೂ ಲೆವೆಲಿನ್ನನ ಮಗನಿಗೂ ಅದಕ್ಕೆ ಮೊದಲೇ ಮದುವೆ ನಿಶ್ಚಯವಾಗಿತ್ತು. ಗಂಡನನ್ನು ನೇಣಿಗೆ ಹಾಕಿಸಿದ ಲೆವೆಲಿನ್ ವಿಧವೆಗೆ ಪತ್ರ ಬರೆದು, ಸಂಬಂಧ ಮುಂದುವರಿಸಲು ನಿಮ್ಮ ಇಚ್ಛೆ ಹೇಗಿದೆಯೆಂದು ವಿಚಾರಿಸಿದ. ಮದುವೆ ನಡೆಯಿತು. ತಂದೆಯ ಕೊರಳಿಗೆ ಹಗ್ಗ ಹಾಕಿಸಿದವನ ಮನೆಗೆ ಮಗಳು ಸೊಸೆಯಾಗಿ ಹೋದಳು. ಅಂಥ ಮನೆಗಳಲ್ಲಿ ಕಣ್ಣೀರಿಗಿಂತ ಗಡಿಯ ಭೂಮಿಗೆ ತೂಕ ಹೆಚ್ಚು.

ಇನ್ನು ಹಿರಿಯ ಮಗನ ವಿಧವೆ ಎಲಿನಾರ್. ಗಂಡನ ಭೂಮಿಯ ಮೂರನೆಯ ಒಂದು ಪಾಲು ವಿಧವೆಗೆ ಸಲ್ಲಬೇಕೆಂಬುದು ಕಾನೂನು. ಅದಕ್ಕೆ ಬದಲಾಗಿ ಐರಿಷ್ ಹಾಗೂ ವೆಲ್ಷ್ ಸೀಮೆಗಳ ಲೆಕ್ಕದಲ್ಲಿ ವರ್ಷಕ್ಕೆ 400 ಪೌಂಡು ನಿಗದಿಯಾಯಿತು. ಆಗ ಅವಳಿಗೆ ಹದಿನಾರರ ಆಸುಪಾಸು. ಇನ್ನು ಮದುವೆಯಾಗೆನೆಂದು ವ್ರತ ತೊಟ್ಟಳು. 1238ರಲ್ಲಿ ವ್ರತ ಮುರಿದು ಸೈಮನ್ ದ ಮಾಂಟ್‌ಫರ್ಟನನ್ನು ವರಿಸಿದಳು. ತನಗೆ ಸಲ್ಲಬೇಕಾದುದಕ್ಕಿಂತ ಬಹಳ ಕಡಿಮೆ ಕೊಟ್ಟಿದ್ದಾರೆಂಬ ಅವಳ ದೂರು ಗಂಡನ ದೂರೂ ಆಯಿತು. 1259ರಲ್ಲಿ ಇಂಗ್ಲೆಂಡು ಫ್ರಾನ್ಸುಗಳ ದೊರೆಗಳ ನಡುವೆ ಸಂಧಿಯಾಗಲು ಅವಳ ಒಪ್ಪಿಗೆಯ ಸಹಿ ಬೇಕಾಗಿತ್ತು. ಮೊದಲು ನನ್ನ ಮಾರ್ಷಲ್ ಮನೆಯ ಬಾಕಿ ತೀರಲಿ ಎಂದು ದಂಪತಿಗಳು ಪಟ್ಟುಹಿಡಿದರು. ಇಬ್ಬರು ದೊರೆಗಳು ಕಾದರು. ಹೆನ್ರಿಯ ಮೇಲೆ ಸೈಮನ್ ತಿರುಗಿಬಿದ್ದುದಕ್ಕೆ ಕಾರಣ ಹಲವಿದ್ದರೂ ಮನೆಯೊಳಗಿನ ಈ ಲೆಕ್ಕದ ಕಹಿಯೂ ಅದರಲ್ಲಿ ಒಂದು. ಸೈಮನ್ 1265ರಲ್ಲಿ ಈವ್‌ಷಮ್ ಕಾಳಗದಲ್ಲಿ ಹತನಾದ.

ಹೆಸರು ಅಳಿಯಿತು, ರಕ್ತ ಅಳಿಯಲಿಲ್ಲ. ಮಗಳು ಇಸಬೆಲ್‌ಳ ಮರಿಮಗ ರಾಬರ್ಟ್ ಬ್ರೂಸ್ 1306ರಲ್ಲಿ ಸ್ಕಾಟ್‌ಲೆಂಡಿನ ದೊರೆಯಾದ. ಈವಳ ಇನ್ನೊಬ್ಬ ಮಗಳ ಸಂತತಿಯಲ್ಲಿ ನಾಲ್ಕನೆಯ ಎಡ್ವರ್ಡ್ ಇಂಗ್ಲೆಂಡನ್ನಾಳಿದ. ವಿಲಿಯಂ ಸೇವಕನಾಗಿ ನಿಂತ ಸಿಂಹಾಸನದ ಮೇಲೆ ಮಗಳ ಕಡೆಯ ಕುಡಿ ಕುಳಿತಿತು.

ಮಾರ್ಷಲ್ ಹುದ್ದೆಯ ದಂಡವನ್ನು 1246ರಲ್ಲಿ ಮಟಿಲ್ಡಾಳ ಕೈಗೆ ಕೊಟ್ಟರು. ಅವಳು ಅದನ್ನು ತನ್ನ ಮಗ, ನಾರ್‌ಫೋಕಿನ ಅರ್ಲ್ ರೋಜರ್ ಬಿಗಾಡನಿಗೆ ವರ್ಗಾಯಿಸಿದಳು. ಬಿಗಾಡ್ ಮನೆಯೂ 1306ರಲ್ಲಿ ನಿಸ್ಸಂತಾನವಾಗಿ ಮುಗಿದು, ಹುದ್ದೆ ದೊರೆಯ ಕೈಗೆ ಹೋಗಿ, ಅಲ್ಲಿಂದ ಬೇರೆ ಬೇರೆ ಮನೆಗಳನ್ನು ಸುತ್ತಿ, 1672ರಲ್ಲಿ ಹೋವರ್ಡ್ ಮನೆತನಕ್ಕೆ ವಂಶಪಾರಂಪರ್ಯವಾಗಿ ನಿಂತಿತು. 2023ರ ಮೇ 6ರಂದು ಚಾರ್ಲ್ಸ್ ದೊರೆಯ ಪಟ್ಟಾಭಿಷೇಕದ ಏರ್ಪಾಡುಗಳನ್ನೆಲ್ಲ ನೋಡಿಕೊಂಡವನು ನಾರ್‌ಫೋಕಿನ ಡ್ಯೂಕ್, 'ಅರ್ಲ್ ಮಾರ್ಷಲ್' ಎಂಬ ಬಿರುದಿನಲ್ಲಿ. ಟೆಂಪಲ್ ಚರ್ಚಿನಲ್ಲಿ ತಂದೆ ವಿಲಿಯಂ ಮತ್ತು ಅವನ ಇಬ್ಬರು ಮಕ್ಕಳವೆಂದು ಹೇಳುವ ಕಲ್ಲಿನ ಪ್ರತಿಮೆಗಳು ಇಂದಿಗೂ ನೆಲದ ಮೇಲೆ ಮಲಗಿವೆ. 1941ರ ಮೇ ತಿಂಗಳ ಬಾಂಬು ದಾಳಿಯಲ್ಲಿ ಉರಿಯುವ ಮಾಡು ಮೈಮೇಲೆ ಬಿದ್ದು ಬಿರುಕುಬಿಟ್ಟಿದ್ದವುಗಳನ್ನು ಆಮೇಲೆ ಜೋಡಿಸಿದ್ದಾರೆ. ಇಸಬೆಲ್ ಅಲ್ಲಿಲ್ಲ. ಅವಳ ಸಮಾಧಿ ವೇಲ್ಸಿನ ಗಡಿಯಲ್ಲಿ, ಚೆಪ್‌ಸ್ಟೋವಿನಿಂದ ಕೆಲವೇ ಮೈಲು ಆಚೆ, ಅವಳ ತವರಿನ ಕಡೆಯವರು ಕಟ್ಟಿಸಿದ ಟಿಂಟರ್ನ್ ಮಠದಲ್ಲಿ.